ಕಲ್ಲು ಸಿಕ್ಕಿದ ಮೇಲೂ ನೋಡು

ಪುಟ್ಟಿ, ಮೊನ್ನೆ ರಾತ್ರಿ ಡ್ಯೂಟಿ ಮುಗಿಸಿಕೊಂಡು ಫೋನ್ ಮಾಡಿದ್ದೆಯಲ್ಲ, ಆಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನವಾಗಲಿಲ್ಲ. ಸಿ.ಟಿ. ಸ್ಕ್ಯಾನ್ ನೋಡಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರನ್ನು ಗುರುತಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದನ್ನು ನಿಮ್ಮ ವಿಭಾಗದಲ್ಲಿ ಪರೀಕ್ಷೆಗೆ ತರುತ್ತಾರಂತೆ. ನಿಮ್ಮ ಸೀನಿಯರ್‌ಗಳಲ್ಲಿ ಅರ್ಧ ಜನ ಅದರ ಸಹವಾಸವೇ ಬೇಡ ಅನ್ನುತ್ತಾರಂತೆ, ಇನ್ನರ್ಧ ಜನ ಅದೊಂದು ಬಂದುಬಿಟ್ಟರೆ ಸಾಕು ಅನ್ನುತ್ತಾರಂತೆ. "ಎಂ.ಡಿ. ಎರಡನೇ ವರ್ಷದಲ್ಲಿರೋ ನಾನು ಯಾರ ಮಾತು ಕೇಳಲಿ ದೊಡ್ಡಮ್ಮಾ?" ಅಂದೆ. "ನೀನು ಓದ್ಕೋ, ಉಳಿದದ್ದು ತಾನಾಗಿ ಗೊತ್ತಾಗುತ್ತೆ" ಎಂದು ಫೋನ್ ಇಟ್ಟೆ. ಮೂವತ್ತೊಂದು ವರ್ಷ ಅದೇ ಕತ್ತಲೆ ಕೋಣೆಯಲ್ಲಿ ಕೂತು ಚಿತ್ರ ಓದಿದವಳು ಅಷ್ಟೇ ಹೇಳಿದರೆ ಸಾಲದು. ಅದಕ್ಕೇ ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ನೀನೂ ನಿಧಾನವಾಗಿಯೇ ಓದು.

ಇದುವರೆಗೆ ನಿನಗೆ ಹೇಳದೆ ಇದ್ದ ಒಂದು ವಿಷಯದಿಂದ ಶುರು ಮಾಡುತ್ತೇನೆ.

ಹದಿನೆಂಟು ವರ್ಷದ ಹಿಂದಿನ ಮಾತು. ಆಗ ನಾನಿದ್ದ ಆಸ್ಪತ್ರೆಗೆ ಒಬ್ಬರು ರಾತ್ರಿ ಹತ್ತೂವರೆಗೆ ಸೊಂಟ ಹಿಡಿದುಕೊಂಡು ಬಂದರು. ಐವತ್ತನಾಲ್ಕು ವರ್ಷ, ದಿನಸಿ ಅಂಗಡಿ ಇಟ್ಟುಕೊಂಡಿದ್ದವರು. ಎಡಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು, ಮೂತ್ರದಲ್ಲಿ ರಕ್ತ. ಕೇಳುವಾಗಲೇ ಕಲ್ಲು ಎಂದು ಯಾರಿಗಾದರೂ ಹೊಳೆಯುವಂಥ ಕೇಸು. ಡೈ ಕೊಡದೆ ಪ್ಲೇನ್ ಸಿ.ಟಿ. ತೆಗೆದೆವು. ಎಡ ಮೂತ್ರನಾಳದ ಕೆಳಭಾಗದಲ್ಲಿ ಆರು ಮಿಲಿಮೀಟರ್ ಕಲ್ಲು ಬೆಳ್ಳಗೆ ಕೂತಿತ್ತು. ಅದರ ಅಳತೆ ಬರೆದೆ, ಅದು ಎಲ್ಲಿದೆ ಎಂದು ಬರೆದೆ, ಕಿಡ್ನಿ ಎಷ್ಟು ಊದಿದೆ ಎಂದು ಬರೆದೆ. ಕೊನೆಗೆ "ಉಳಿದ ಅಂಗಗಳು ಸಹಜವಾಗಿವೆ" ಎನ್ನುವ ಸಾಲನ್ನು ಕೈ ಅಭ್ಯಾಸಬಲದಿಂದ ಬರೆಯಿತು. ಆ ರಾತ್ರಿ ಇನ್ನೂ ಹನ್ನೊಂದು ಸ್ಕ್ಯಾನ್ ಬಾಕಿಯಿದ್ದವು.

ಎಂಟು ತಿಂಗಳಾದ ಮೇಲೆ ಅವರು ಮತ್ತೆ ಬಂದರು. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಮೈಯೆಲ್ಲ ಕೆರೆತ, ತೂಕ ಹನ್ನೊಂದು ಕಿಲೋ ಇಳಿದಿತ್ತು. ಈ ಸಲ ಡೈ ಕೊಟ್ಟು ತೆಗೆದ ಸಿ.ಟಿ.ಯಲ್ಲಿ ಮೇದೋಜ್ಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಇತ್ತು, ಲಿವರಿನ ತುಂಬ ಚುಕ್ಕೆಗಳಿದ್ದವು. ಅವರ ಹೆಂಡತಿ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಫಿಲ್ಮುಗಳನ್ನೂ ಜೋಪಾನವಾಗಿ ತಂದಿದ್ದರು. ಎಲ್ಲರೂ ಹೋದ ಮೇಲೆ ಅವನ್ನು ವ್ಯೂ ಬಾಕ್ಸಿಗೆ ಹಾಕಿ ನಿಂತೆ. ಗ್ರಂಥಿಯ ನಡುವೆ ಹರಿಯುವ ನಾಳ ಎರಡು ಮೂರು ಮಿಲಿಮೀಟರಿಗಿಂತ ಅಗಲ ಇರಬಾರದು ಎಂದು ನಿನಗೂ ಗೊತ್ತು. ಅವರಲ್ಲಿ ಅದು ಐದಾಗಿತ್ತು. ತಲೆಭಾಗದ ಹತ್ತಿರ ಬಂದು ತಟ್ಟನೆ ನಿಂತುಹೋಗಿತ್ತು. ಬಾಲದ ಕಡೆಯ ಗ್ರಂಥಿ ಅವರ ವಯಸ್ಸಿಗೆ ಮೀರಿ ಸೊರಗಿತ್ತು. ಮಂಕಾಗಿತ್ತು ನಿಜ, ಆದರೆ ಇತ್ತು. ಎಂಟು ತಿಂಗಳ ಹಿಂದೆಯೇ ನನ್ನ ಕಣ್ಣ ಮುಂದೆ ಇತ್ತು.

ನಮ್ಮ ಮುಖ್ಯಸ್ಥರಿಗೆ ತೋರಿಸಿದೆ. "ಪ್ಲೇನ್ ಸಿ.ಟಿ.ಯಲ್ಲಿ ಇದು ಯಾರಿಗೂ ಕಾಣೋದಿಲ್ಲ, ಮನಸ್ಸಿಗೆ ಹಚ್ಚಿಕೋಬೇಡಿ" ಅಂದರು. ಆ ಮಾತಿನ ಆಸರೆ ಹಿಡಿದು ನಾನೂ ಸುಮ್ಮನಾದೆ. ಆ ಮನೆಯವರಿಗೆ ಏನೂ ಹೇಳಲಿಲ್ಲ. ಕಾಣದೇ ಹೋದದ್ದು ನನ್ನ ಮೊದಲ ತಪ್ಪು, ಹೇಳದೇ ಹೋದದ್ದು ಎರಡನೆಯದು. ಎರಡರಲ್ಲಿ ಇವತ್ತಿಗೂ ಹೆಚ್ಚು ಭಾರವಾಗಿರುವುದು ಎರಡನೆಯದೇ. ಅವರು ನಾಲ್ಕು ತಿಂಗಳು ಬದುಕಿದರು.

ನಮ್ಮ ಕಸುಬಿನಲ್ಲಿ ಆ ಮೊದಲ ತಪ್ಪಿಗೆ ಹೆಸರೇ ಇದೆ. ಹುಡುಕುತ್ತಿದ್ದ ವಸ್ತು ಸಿಕ್ಕ ಕೂಡಲೇ ಕಣ್ಣು ತೃಪ್ತಿಪಟ್ಟುಕೊಂಡು ಹುಡುಕುವುದನ್ನು ಬಿಟ್ಟುಬಿಡುತ್ತದೆ. ಪುಸ್ತಕದಲ್ಲಿ ನೀನು ಓದಿರುತ್ತೀಯ. ಎಂಟು ತಿಂಗಳ ಹಳೆಯ ಫಿಲ್ಮಿನ ಮುಂದೆ ಒಬ್ಬಳೇ ನಿಂತು ಅದನ್ನು ಕಲಿಯುವ ಗತಿ ನಿನಗೆ ಬರದಿರಲಿ ಎಂಬುದೇ ನನ್ನ ಆಸೆ.

ಈ ಗ್ರಂಥಿಯ ಸ್ವಭಾವವೇ ಅಂಥದ್ದು ಕಣೇ. ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡು, ಗೇಣುದ್ದಕ್ಕೆ ಅಡ್ಡ ಮಲಗಿರುತ್ತದೆ. ತೂಕ ನೂರು ಗ್ರಾಂ ಆಸುಪಾಸು. ಕೈಯಿಂದ ಹೊಟ್ಟೆ ಒತ್ತಿ ನೋಡಿದರೆ ಸಿಕ್ಕುವುದಿಲ್ಲ, ಅಲ್ಟ್ರಾಸೌಂಡಿಗೆ ಕರುಳಿನ ಗಾಳಿ ಅಡ್ಡ ಬರುತ್ತದೆ. ಅಲ್ಲಿ ಗಡ್ಡೆ ಹುಟ್ಟಿದರೆ ಮೊದಮೊದಲು ಗ್ಯಾಸ್ಟ್ರಿಕ್ ಅಂತ ಅನ್ನಿಸುತ್ತದೆ, ಬೆನ್ನುನೋವು ಅಂತ ಅನ್ನಿಸುತ್ತದೆ, ಊಟ ಸೇರದಿದ್ದರೆ ವಯಸ್ಸಾಯಿತು ಅಂತ ಅನ್ನಿಸುತ್ತದೆ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ನೂರು ಜನರಲ್ಲಿ ಎಂಬತ್ತು ಜನಕ್ಕೆ ಆಪರೇಷನ್ ಮಾಡುವ ಕಾಲ ಮೀರಿರುತ್ತದೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5 ಲಕ್ಷ 10 ಸಾವಿರ ಜನರಿಗೆ ಈ ಕ್ಯಾನ್ಸರ್ ಪತ್ತೆಯಾಯಿತು, ಅದೇ ವರ್ಷ ಸುಮಾರು 4 ಲಕ್ಷ 67 ಸಾವಿರ ಜನ ಇದರಿಂದ ಸತ್ತರು. ಈ ಎರಡು ಅಂಕಿಗಳು ಎಷ್ಟು ಹತ್ತಿರ ಇವೆ ನೋಡು. ಅಮೆರಿಕದಂಥ ದೇಶದಲ್ಲೂ ಐದು ವರ್ಷ ದಾಟುವವರು ನೂರಕ್ಕೆ ಹದಿಮೂರು ಜನ. ನಮ್ಮ ನೆರೆಯ ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರಿಕ್ಕರ್ ಅವರಿಗೆ 2018ರ ಫೆಬ್ರವರಿಯಲ್ಲಿ ಕಾಯಿಲೆ ಗೊತ್ತಾಯಿತು. ಮುಂಬೈ, ನ್ಯೂಯಾರ್ಕ್, ದಿಲ್ಲಿ ಎಲ್ಲ ಕಡೆ ಚಿಕಿತ್ಸೆ ಸಿಕ್ಕಿತು. 2019ರ ಮಾರ್ಚ್ 17ಕ್ಕೆ ಅವರು ತೀರಿಕೊಂಡರು.

ಗಡ್ಡೆ ಚಿಕ್ಕದಿದ್ದಾಗ, ಗ್ರಂಥಿಯ ಆಚೆ ಹರಡುವ ಮೊದಲು ಸಿಕ್ಕಿತೆಂದರೆ ಕಥೆ ಬೇರೆ. ತೆಗೆದುಹಾಕಬಹುದು, ಕೀಮೋ ಕೊಡಬಹುದು, ಮಕ್ಕಳ ಮದುವೆ ನೋಡುವಷ್ಟು ಕಾಲ ಕೈಗೆ ಬರಬಹುದು. ಆದ್ದರಿಂದ ಬೇಗ ಕಾಣಿಸುವಂಥದ್ದು ಏನೇ ಬಂದರೂ ಅದನ್ನು ತಳ್ಳಿಹಾಕುವ ಅಧಿಕಾರ ನಮಗೆ ಯಾರಿಗೂ ಇಲ್ಲ. ಬೇಡ ಅನ್ನುವ ನಿಮ್ಮ ಸೀನಿಯರ್‌ಗಳಿಗೆ ನನ್ನ ಉತ್ತರ ಇಷ್ಟೇ.

ಈಗ ಆ ಯಂತ್ರದ ವಿಷಯ. 2023ರ ನವೆಂಬರಿನಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಚೀನಾದವರ ಒಂದು ಪ್ರಬಂಧ ಬಂತು. ಅಲಿಬಾಬಾ ಕಂಪನಿಯ ಡಾಮೋ ಅಕಾಡೆಮಿ ಮತ್ತು ಹಲವು ಆಸ್ಪತ್ರೆಗಳು ಸೇರಿ ಮಾಡಿದ ಕೆಲಸ. ತಂತ್ರಾಂಶದ ಹೆಸರು ಪಾಂಡಾ. ಪ್ರಬಂಧವನ್ನು ನಾನು ಎರಡು ಸಲ ಓದಿದೆ. ಹಾಗೆ ಓದಿಸಿದ್ದು ಒಂದು ಮಾತು: ಅವರು ಡೈ ಕೊಡದ ಪ್ಲೇನ್ ಸಿ.ಟಿ.ಯನ್ನು ಆರಿಸಿಕೊಂಡಿದ್ದರು. ನನ್ನ ಆ ರಾತ್ರಿಯ ಸ್ಕ್ಯಾನಿನಂಥದ್ದನ್ನು.

ಅದು ಯಾಕೆ ಕಷ್ಟ ಎನ್ನುವುದು ನಿನಗೆ ಗೊತ್ತು. ಈ ಗಡ್ಡೆಗೆ ರಕ್ತ ಹರಿಯುವುದು ಕಡಿಮೆ. ಡೈ ಕೊಟ್ಟಾಗ ಸುತ್ತಲಿನ ಗ್ರಂಥಿ ಬೆಳಗುತ್ತದೆ, ಗಡ್ಡೆ ಮಾತ್ರ ಮಂಕಾಗಿ ಉಳಿದು ತನ್ನನ್ನು ತೋರಿಸಿಕೊಡುತ್ತದೆ. ಡೈ ಇಲ್ಲದಿದ್ದರೆ ಎರಡೂ ಒಂದೇ ಬೂದಿಬಣ್ಣ. ಅವರು ಮಾಡಿದ ಉಪಾಯ ಚೆಂದವಾಗಿದೆ. ಶಾಂಘೈಯ ಒಂದು ಸಂಸ್ಥೆಯ 3,208 ರೋಗಿಗಳ ಚಿತ್ರಗಳನ್ನು ತೆಗೆದುಕೊಂಡರು. ಗಡ್ಡೆಯಿದ್ದವರ ಡೈ ಕೊಟ್ಟ ಚಿತ್ರದಲ್ಲಿ ಅನುಭವಿಗಳಾದ ವೈದ್ಯರು ಗಡ್ಡೆಯ ಸುತ್ತ ಗೆರೆ ಎಳೆದರು. ಆ ಗೆರೆಯನ್ನು ಅದೇ ರೋಗಿಯ ಪ್ಲೇನ್ ಚಿತ್ರದ ಮೇಲೆ ಅದೇ ಜಾಗಕ್ಕೆ ಹೊಂದಿಸಿ ಕೂರಿಸಿದರು. ಅಂದರೆ ಬೆಳಕಿನಲ್ಲಿ ತೋರಿಸಿಕೊಟ್ಟು, ಆಮೇಲೆ ಕತ್ತಲೆಯಲ್ಲಿ ಅದನ್ನೇ ಗುರುತಿಸಲು ಕಲಿಸಿದರು. ಯಂತ್ರ ಮೊದಲು ಹೊಟ್ಟೆಯೊಳಗೆ ಗ್ರಂಥಿ ಎಲ್ಲಿದೆ ಎಂದು ಕಂಡುಕೊಳ್ಳುತ್ತದೆ, ಆಮೇಲೆ ಅದರಲ್ಲಿ ಅಸಹಜವಾದದ್ದೇನಾದರೂ ಇದೆಯೇ ಎಂದು ನೋಡುತ್ತದೆ, ಇದ್ದರೆ ಅದು ಯಾವ ಬಗೆಯದು ಎಂದು ವಿಂಗಡಿಸುತ್ತದೆ. ಆಪರೇಷನ್ನಿನಲ್ಲಿ ತೆಗೆದು ಪ್ರಯೋಗಾಲಯದಲ್ಲಿ ಖಚಿತವಾದ ಸತ್ಯವೇ ಅದಕ್ಕೆ ಗುರು. ನಮಗೆ ಯಾರೂ ಹಾಗೆ ಒಂದರ ಹಿಂದೆ ಒಂದರಂತೆ ಸಾವಿರಾರು ಕೂರಿಸಿ ಕಲಿಸಲಿಲ್ಲ. ವರ್ಷಕ್ಕೆ ನಾಲ್ಕಾರು ಇಂಥ ಕೇಸು ನೋಡಿ ನಾವು ಕಲಿತೆವು.

ಆಮೇಲೆ ಬೇರೆ ಬೇರೆ ಹತ್ತು ಕೇಂದ್ರಗಳ 6,239 ಜನರ ಚಿತ್ರಗಳಲ್ಲಿ ಅದನ್ನು ಪರೀಕ್ಷಿಸಿದರು. ಪ್ಲೇನ್ ಸಿ.ಟಿ. ಓದಿದ ರೇಡಿಯಾಲಜಿಸ್ಟರ ಸರಾಸರಿಗಿಂತ ಕ್ಯಾನ್ಸರನ್ನು ಹಿಡಿಯುವುದರಲ್ಲಿ ಅದು ನೂರಕ್ಕೆ 34ರಷ್ಟು ಮುಂದೆ ಇತ್ತು. ಪ್ಲೇನ್ ಸಿ.ಟಿ. ನೋಡಿ ಈ ಕ್ಯಾನ್ಸರ್ ಹೇಳು ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ, ಅದಕ್ಕೆ ನಾವು ತಯಾರೂ ಆಗಿಲ್ಲ, ಹಾಗಾಗಿ ಆ ಹೋಲಿಕೆಯನ್ನು ಅಷ್ಟಕ್ಕೇ ಇಟ್ಟುಕೋ. ಅದಕ್ಕಿಂತ ಮುಖ್ಯವಾದದ್ದು ಆಸ್ಪತ್ರೆಗೆ ದಿನನಿತ್ಯ ಬರುವ ಸಾಲಿನಿಂದ ತೆಗೆದ 20,530 ಜನರ ಪರೀಕ್ಷೆ. ಅಲ್ಲಿ ಗ್ರಂಥಿಯಲ್ಲಿ ತೊಂದರೆಯಿದ್ದವರಲ್ಲಿ ನೂರಕ್ಕೆ 92.9ರಷ್ಟು ಜನರನ್ನು ಹಿಡಿಯಿತು, ತೊಂದರೆ ಇಲ್ಲದವರಲ್ಲಿ 99.9ರಷ್ಟು ಜನರನ್ನು ಇಲ್ಲವೆಂದೇ ಬಿಟ್ಟಿತು.

ಇನ್ನೊಂದು ಕೆಲಸ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಅಜಿತ್ ಗೋಯೆಂಕಾ ಅವರ ತಂಡದ್ದು, 2022ರಲ್ಲಿ ಪ್ರಕಟವಾಯಿತು. ಮುಂದೆ ಈ ಕ್ಯಾನ್ಸರ್ ಬಂದವರು ಅದಕ್ಕೆ ಮೂರರಿಂದ ಮೂವತ್ತಾರು ತಿಂಗಳು ಮೊದಲು ಬೇರೆ ಯಾವುದೋ ಕಾರಣಕ್ಕೆ ತೆಗೆಸಿಕೊಂಡಿದ್ದ ಸಿ.ಟಿ.ಗಳನ್ನು ಹುಡುಕಿ ತೆಗೆದರು. ಗ್ರಂಥಿ ಸರಿಯಾಗಿದೆ ಎಂದು ಆಗ ಓದಲಾಗಿದ್ದ ಚಿತ್ರಗಳವು. ಗ್ರಂಥಿಯ ಬೂದಿಬಣ್ಣದ ಒರಟು ನಯಗಳನ್ನು ಅಂಕಿಗಳಾಗಿ ಅಳೆದು ಯಂತ್ರಕ್ಕೆ ಕೊಟ್ಟಾಗ, ಅವುಗಳಲ್ಲಿ ಬಹುಪಾಲನ್ನು ಅದು ಬೇರೆ ಮಾಡಿ ತೋರಿಸಿತು. ರೋಗ ಪತ್ತೆಯಾಗುವುದಕ್ಕಿಂತ ಸರಾಸರಿ ಒಂದು ವರ್ಷದಷ್ಟು ಮುಂಚೆ. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಎಂಟು ತಿಂಗಳು ಮುಂಚೆ ಯಾರಿಗೂ ಕಾಣೋದಿಲ್ಲ ಎನ್ನುವ ಮಾತನ್ನು ನಾನು ಹದಿನೈದು ವರ್ಷ ಜೋಪಾನ ಮಾಡಿದ್ದೆ, ಅದು ಕೈಬಿಟ್ಟು ಹೋಯಿತು.

ಹಾಗಾದರೆ ಸೀದಾ ಅದನ್ನೇ ನಂಬಿಬಿಡಲೇ ಅಂತ ನೀನು ಕೇಳುತ್ತೀಯ. ಇಲ್ಲ. ಅದೊಂದು ಬಂದರೆ ಸಾಕು ಅನ್ನುವವರಿಗೂ ನನ್ನ ಹತ್ತಿರ ಮಾತಿದೆ.

ಒಂದು ಲೆಕ್ಕ ಮಾಡು. ರೋಗಲಕ್ಷಣ ಏನೂ ಇಲ್ಲದ ಒಂದು ಲಕ್ಷ ಜನರನ್ನು ಸ್ಕ್ಯಾನ್ ಮಾಡಿದೆವು ಅಂದುಕೋ. ಈ ಕ್ಯಾನ್ಸರ್ ಅಪರೂಪದ್ದು, ಆದರೂ ಧಾರಾಳವಾಗಿ ಹತ್ತು ಜನಕ್ಕೆ ಇದೆ ಅಂತಲೇ ಇಟ್ಟುಕೊಳ್ಳೋಣ. ನೂರಕ್ಕೆ 93 ಹಿಡಿಯುವ ಯಂತ್ರ ಒಂಬತ್ತು ಜನರನ್ನು ಹಿಡಿಯುತ್ತದೆ. ಇಲ್ಲದವರನ್ನು 99.9ರಷ್ಟು ಸರಿಯಾಗಿ ಬಿಟ್ಟರೂ ಉಳಿದ ಒಂದು ಸಾವಿರಾಂಶ ಅಂದರೆ ನೂರು ಜನ. ಒಟ್ಟು ನೂರಾ ಒಂಬತ್ತು ಜನರ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ, ಅದರಲ್ಲಿ ನಿಜವಾಗಿ ಕಾಯಿಲೆ ಇರುವವರು ಒಂಬತ್ತೇ ಜನ. ಹೊಸ ಜಾಗ, ಹೊಸ ಸ್ಕ್ಯಾನರ್, ಹೊಸ ಜನ ಬಂದಾಗ ಆ 99.9 ಜಾರಿ 99 ಆಯಿತೆನ್ನು, ಸುಳ್ಳು ಗುರುತಿನವರು ಸಾವಿರವಾಗುತ್ತಾರೆ. ಅವರಲ್ಲಿ ಒಬ್ಬೊಬ್ಬರಿಗೂ ಡೈ ಕೊಟ್ಟ ಸಿ.ಟಿ., ಎಂ.ಆರ್.ಐ., ಗಂಟಲಿನಿಂದ ಕೊಳವೆ ಇಳಿಸಿ ಮಾಡುವ ಅಲ್ಟ್ರಾಸೌಂಡ್, ಸೂಜಿ ಪರೀಕ್ಷೆ. ಅಷ್ಟು ದಿನವೂ ಮನೆಯವರಿಗೆಲ್ಲ ನಿದ್ದೆ ಇಲ್ಲ. ಈ ಗ್ರಂಥಿಯ ಆಪರೇಷನ್ ಹೊಟ್ಟೆಯ ಆಪರೇಷನ್ನುಗಳಲ್ಲೇ ಅತಿ ದೊಡ್ಡದೆನ್ನುವವುಗಳ ಸಾಲಿನದು. ಅನುಮಾನದ ಮೇಲೆ ಮಾಡಿ, ಏನೂ ಇರಲಿಲ್ಲ ಅನ್ನುವ ಹಾಗಿಲ್ಲ. ರೋಗಲಕ್ಷಣವಿಲ್ಲದ ಸಾಮಾನ್ಯ ಜನರಲ್ಲಿ ಇದಕ್ಕಾಗಿ ತಪಾಸಣೆ ಮಾಡಬೇಡಿ ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2019ರಲ್ಲೂ ಮತ್ತೆ ಹೇಳಿದ್ದು ಈ ಕಾರಣಕ್ಕೇ.

ಅದಕ್ಕೇ ಹೇಳುತ್ತೇನೆ, ನಾಳೆ ಯಾರಾದರೂ ಈ ತಂತ್ರಾಂಶವನ್ನು ಮುಂದಿಟ್ಟುಕೊಂಡು "ಮೈಯೆಲ್ಲ ಸ್ಕ್ಯಾನ್, ಕ್ಯಾನ್ಸರ್ ಚಿಂತೆ ಬಿಡಿ" ಎಂದು ಪ್ಯಾಕೇಜು ಮಾರಲು ಬಂದರೆ ನೀನು ಅದಕ್ಕೆ ಕೈ ಜೋಡಿಸಬೇಡ. ಹೊಟ್ಟೆಯ ಒಂದು ಸಿ.ಟಿ. ಅಂದರೆ ನೆಲ ಆಕಾಶಗಳಿಂದ ನಮಗೆ ಎರಡು ಮೂರು ವರ್ಷದಲ್ಲಿ ಸಹಜವಾಗಿ ಬಂದು ಸೇರುವಷ್ಟು ವಿಕಿರಣ. ಆರೋಗ್ಯವಾಗಿರುವ ಮೂವತ್ತೈದರ ಹುಡುಗನಿಗೆ ವರ್ಷ ವರ್ಷ ಅದನ್ನು ಕೊಡುವುದು ವೈದ್ಯರ ಕೆಲಸವಲ್ಲ.

ಯಂತ್ರದ ಜಾಗ ಬೇರೆ ಇದೆ. ಕಲ್ಲಿಗೆಂದೋ, ಅಪೆಂಡಿಕ್ಸಿಗೆಂದೋ, ಅಪಘಾತವಾಗಿ ಬಂದೋ ಹೇಗೂ ಸ್ಕ್ಯಾನ್ ಆಗಿರುವವರ ಚಿತ್ರವನ್ನು ಹಿನ್ನೆಲೆಯಲ್ಲಿ ಇನ್ನೊಂದು ಸಲ ನೋಡಲಿ. ಹೆಚ್ಚು ವಿಕಿರಣವಿಲ್ಲ, ರೋಗಿಗೆ ಹೆಚ್ಚು ಖರ್ಚಿಲ್ಲ. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಜೊತೆಗೆ ತೂಕವೂ ಇಳಿಯುತ್ತಿರುವವರನ್ನು ನೋಡಲಿ. ಐವತ್ತರ ನಂತರ ಹೊಸದಾಗಿ ಸಕ್ಕರೆ ಬಂದವರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಕಾಣಿಸಿಕೊಳ್ಳುವವರು ನೂರಕ್ಕೆ ಒಬ್ಬರ ಹತ್ತಿರ ಬರುತ್ತಾರೆ. ಮನೆತನದಲ್ಲಿ ಇಬ್ಬರು ಮೂವರಿಗೆ ಬಂದವರನ್ನು ನೋಡಲಿ. ಸಕ್ಕರೆ ಹೆಚ್ಚಾಯಿತು ಎಂದು ಸಪ್ಪೆ ಚಹಾ ಕುಡಿಯಲು ಶುರು ಮಾಡಿದ ನಿಮ್ಮ ತಾತನಂಥವರಿಗೆ ತೂಕ ಯಾಕೆ ಇಳಿಯಿತು ಎಂದು ಯಾರೂ ಕೇಳುವುದಿಲ್ಲ. ಪಥ್ಯ ಮಾಡಿದರಲ್ಲ, ಅದಕ್ಕೇ ಇಳಿಯಿತು ಎಂದುಕೊಳ್ಳುತ್ತೇವೆ.

ಇನ್ನೊಂದು ವಿಷಯವನ್ನು ನಿಮ್ಮ ವಿಭಾಗದ ಸಭೆಯಲ್ಲಿ ನೀನೇ ಎದ್ದು ಕೇಳಬೇಕು. ಎಲ್ಲರಿಗಿಂತ ಚಿಕ್ಕವಳು ಎಂದು ಸುಮ್ಮನಿರಬೇಡ. ಈ ಯಂತ್ರ ಕಲಿತದ್ದು ಯಾರ ಹೊಟ್ಟೆ ನೋಡಿ? ನಮ್ಮ ದಕ್ಷಿಣದಲ್ಲಿ ಒಂದು ಬಗೆಯ ಮೇದೋಜ್ಜೀರಕ ಉರಿಯೂತ ಇದೆ. ಕುಡಿತದ ಸೋಂಕೇ ಇಲ್ಲದ ಹುಡುಗ ಹುಡುಗಿಯರಿಗೆ ಬರುತ್ತದೆ, ಗ್ರಂಥಿಯ ನಾಳದ ತುಂಬ ಕಲ್ಲು ಕಟ್ಟುತ್ತದೆ, ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ತರುತ್ತದೆ. ಕೇರಳದ ಡಾ. ಪಿ. ಜೆ. ಗೀವರ್ಗೀಸ್ ಅವರು ಅರವತ್ತರ ದಶಕದಲ್ಲೇ ಇದರ ನೂರಾರು ರೋಗಿಗಳನ್ನು ದಾಖಲಿಸಿದ್ದರು. ನಮ್ಮ ಕರಾವಳಿಯಿಂದ, ಮಲೆನಾಡಿನಿಂದ ಬಂದ ಇಂಥ ಮಕ್ಕಳ ಫಿಲ್ಮುಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ನಾಳ ಹಿಗ್ಗಿರುತ್ತದೆ, ಗ್ರಂಥಿ ಸೊರಗಿರುತ್ತದೆ. ಕ್ಯಾನ್ಸರಿನ ಸುಳಿವುಗಳೂ ಅವೇ. ಮೇಲಾಗಿ ಇಂಥವರಿಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆಯೂ ಬೇರೆಯವರಿಗಿಂತ ಹೆಚ್ಚು. ಕಲ್ಲು ಕಟ್ಟಿದ ಗ್ರಂಥಿಯಲ್ಲಿ ಗಡ್ಡೆ ಹುಡುಕುವುದು ನಮಗೇ ಕಷ್ಟ. ಶಾಂಘೈಯ ಚಿತ್ರಗಳಿಂದ ಕಲಿತ ಯಂತ್ರಕ್ಕೆ ಮಂಗಳೂರಿನ ಈ ಗ್ರಂಥಿ ಹೇಗೆ ಕಾಣುತ್ತದೆ? ಅದನ್ನು ನಮ್ಮದೇ ಚಿತ್ರಗಳ ಮೇಲೆ, ಉತ್ತರ ಗೊತ್ತಿರುವ ಹಳೆಯ ಕೇಸುಗಳ ಮೇಲೆ ಮೊದಲು ಪರೀಕ್ಷೆ ಮಾಡಿ ನೋಡಿ. ಮಾರುವವರು ತೋರಿಸುವ ಅಂಕಿಗಳನ್ನು ಅವರ ಊರಿನ ಅಂಕಿಗಳೆಂದೇ ತಿಳಿದುಕೋ. ಅಮೆರಿಕದ ಎಫ್.ಡಿ.ಎ. 2025ರ ಏಪ್ರಿಲಿನಲ್ಲಿ ಪಾಂಡಾಕ್ಕೆ ಕೊಟ್ಟದ್ದು ಬೇಗ ಪರಿಶೀಲಿಸುವ ಸೌಲಭ್ಯದ ಮನ್ನಣೆ. ಅದನ್ನು ಬಳಸಲು ಒಪ್ಪಿಗೆ ಎಂದು ಓದಿಕೊಳ್ಳುವವರಿದ್ದಾರೆ, ನೀನು ಹಾಗೆ ಓದಬೇಡ.

ನಮ್ಮಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ, ಪ್ರತಿ ಜಿಲ್ಲೆಯಿಂದಲೂ ಅಲ್ಲಿಗೆ ರೋಗಿಗಳು ಬರುತ್ತಾರೆ. ಅಂಥ ಕಡೆಗಳಲ್ಲಿ ಕೂಡಿಬಿದ್ದಿರುವ ಚಿತ್ರಗಳಿಗೆ, ಆಮೇಲೆ ಆ ರೋಗಿಗೆ ಏನಾಯಿತು ಎಂಬ ವಿವರವನ್ನು ಯಾರಾದರೂ ಕೂತು ಜೋಡಿಸಿದರೆ, ಹೆಸರು ವಿಳಾಸ ಅಳಿಸಿ, ರೋಗಿಯ ಒಪ್ಪಿಗೆಯ ದಾರಿಯಲ್ಲೇ ಮಾಡಿದರೆ, ಅದು ದೊಡ್ಡ ಆಸ್ತಿ. ಐ.ಸಿ.ಎಂ.ಆರ್. 2023ರಲ್ಲಿ ವೈದ್ಯಕೀಯದ ಕೃತಕ ಬುದ್ಧಿಮತ್ತೆಗೆ ನೈತಿಕ ಮಾರ್ಗಸೂಚಿ ಹೊರಡಿಸಿದೆ, ನಿನ್ನ ಥೀಸಿಸ್ಸಿಗೆ ವಿಷಯ ಹುಡುಕುತ್ತಿದ್ದೆಯಲ್ಲ, ಮೊದಲು ಅದನ್ನು ಓದು. ಹೆಸರು ತರುವ ಕೆಲಸ ಅಲ್ಲ, ಬೆನ್ನು ನೋಯುವ ಕೆಲಸ. ಆದರೂ ಮಾಡು.

ಇನ್ನು ನಿನ್ನ ಕಣ್ಣಿನ ವಿಚಾರ. ಯಂತ್ರ ಬಂದ ಮೇಲೆ ನಿನ್ನ ಕೈಯಲ್ಲಿ ಮೊದಲು ಕೆಡುವುದು ಅದೇ. 2025ರಲ್ಲಿ ಪೋಲೆಂಡಿನಿಂದ ಒಂದು ಅಧ್ಯಯನ ಬಂತು. ದೊಡ್ಡ ಕರುಳಿಗೆ ಕೊಳವೆ ಹಾಕಿ ಗಂಟು ಹುಡುಕುವ ಅನುಭವಿ ವೈದ್ಯರು ಕೆಲವು ತಿಂಗಳು ಎ.ಐ. ಸಹಾಯ ಬಳಸಿದರು. ಆಮೇಲೆ ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅವರಿಗೆ ಗಂಟು ಸಿಗುವ ಪ್ರಮಾಣ ನೂರಕ್ಕೆ 28.4ರಿಂದ 22.4ಕ್ಕೆ ಇಳಿದಿತ್ತು. ಅವರೆಲ್ಲ ಕೈ ಪಳಗಿದವರು. ನೀನಿನ್ನೂ ಕಲಿಯುತ್ತಿರುವವಳು. ಆದ್ದರಿಂದ ನಿನಗೆ ನೀನೇ ಒಂದು ನೇಮ ಮಾಡಿಕೋ: ಯಂತ್ರದ ಗುರುತನ್ನು ಮುಚ್ಚಿಟ್ಟು ಮೊದಲು ನೀನು ನೋಡು, ನಿನಗನ್ನಿಸಿದ್ದನ್ನು ಬರೆ, ಆಮೇಲೆ ಅದನ್ನು ತೆರೆ. ಇಬ್ಬರ ಮಾತೂ ಒಂದೇ ಆದರೆ ಸರಿ. ಬೇರೆಯಾದರೆ ಆ ಕೇಸನ್ನು ಸೀನಿಯರ್ ಹತ್ತಿರ ತೆಗೆದುಕೊಂಡು ಹೋಗು. ಯಂತ್ರ ಏನೂ ಇಲ್ಲ ಎಂದಿದೆ, ನಿನಗೆ ಏನೋ ಇದೆ ಅನ್ನಿಸಿದೆ ಎಂದರೆ ಖಂಡಿತ ಹೋಗು. ಅದು ಹೇಳಿತು ಎಂದು ನಿನ್ನ ಅನುಮಾನವನ್ನು ನುಂಗಿಕೊಂಡರೆ, ನಮ್ಮ ಮುಖ್ಯಸ್ಥರ ಮಾತಿಗೆ ನಾನು ಆತುಕೊಂಡ ಹಾಗೇ ಆಗುತ್ತದೆ.

ಗ್ರಂಥಿಯನ್ನು ನೋಡುವಾಗ ತಲೆಯಿಂದ ಬಾಲದವರೆಗೆ ನಾಳದ ಜೊತೆಗೇ ಹೋಗು. ನಾಳ ಎಲ್ಲಿ ಹಿಗ್ಗಿತು, ಎಲ್ಲಿ ನಿಂತಿತು. ಪಿತ್ತನಾಳ ಅದರ ಪಕ್ಕದಲ್ಲಿ ಹೇಗಿದೆ. ಗ್ರಂಥಿಯ ಅಂಚು ಎಲ್ಲಿ ನುಣುಪಾಗಿ ಉಬ್ಬಿದೆ. ಒಂದು ಸ್ಕ್ಯಾನಿಗೆ ನಲವತ್ತು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಕೊಡು. "ಉಳಿದ ಅಂಗಗಳು ಸಹಜವಾಗಿವೆ" ಎನ್ನುವ ಸಾಲನ್ನು ಪ್ರತಿ ಅಂಗದ ಮೇಲೂ ಕಣ್ಣು ನಿಂತ ಮೇಲೆ ಮಾತ್ರ ಬರೆ.

ಇಷ್ಟೆಲ್ಲ ಹೇಳಿದರೂ ನಾನು ಹೇಳಬೇಕೆಂದು ಕೂತ ಮಾತು ಇನ್ನೂ ಬಂದಿಲ್ಲ.

ಪಾಂಡಾವನ್ನು ಚೀನಾದ ನಿಂಗ್ಬೋ ನಗರದ ಒಂದು ಆಸ್ಪತ್ರೆಯಲ್ಲಿ 2024ರ ನವೆಂಬರಿನಿಂದ ಬಳಸುತ್ತಿದ್ದಾರೆ. ಮೊದಲ ವರ್ಷದ ಸುಮಾರಿಗೆ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಸ್ಕ್ಯಾನುಗಳನ್ನು ಅದು ನೋಡಿತ್ತು. ಎರಡು ಡಜನ್‌ನಷ್ಟು ಮೇದೋಜ್ಜೀರಕ ಕ್ಯಾನ್ಸರ್ ಸಿಕ್ಕಿದವು, ಅವುಗಳಲ್ಲಿ 14 ಆರಂಭದ ಹಂತದವು. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿಕೊಂಡಿದ್ದ ಜನ ಅವರು. ಈ ಸುದ್ದಿ ಓದಿದವರೆಲ್ಲ ಯಂತ್ರದ ಬಗ್ಗೆ ಮಾತಾಡಿದರು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಯಂತ್ರ ಗುರುತು ಮಾಡಿದ ಚಿತ್ರಗಳನ್ನು ಅಲ್ಲಿನ ವೈದ್ಯರು ಮತ್ತೆ ಕೂತು ನೋಡಿದರು. ಅನುಮಾನ ಗಟ್ಟಿಯಾದವರನ್ನು ಮನೆಯಿಂದ ಕರೆಸಿಕೊಂಡರು. ಇಂಥ ಕಾಯಿಲೆಯಿದೆ ಎಂದು ಗೊತ್ತೇ ಇಲ್ಲದ ಮನುಷ್ಯನಿಗೆ, ಅವನು ಎಂದೂ ಮುಖ ನೋಡದ ವೈದ್ಯರು ಫೋನ್ ಮಾಡಿ, ಒಮ್ಮೆ ಬಂದು ಹೋಗಿ ಎಂದರು. ಆ ಫೋನ್ ಹೋಗದಿದ್ದರೆ ಆ ಹದಿನಾಲ್ಕು ಜನರ ಗುರುತು ಕಂಪ್ಯೂಟರಿನಲ್ಲೇ ಇರುತ್ತಿತ್ತು.

ನಮ್ಮಲ್ಲಿ ಆ ಫೋನನ್ನು ಯಾರು ಮಾಡುತ್ತಾರೆ? ಯೋಚಿಸು. ಕಲ್ಲಿಗೆ ಬಂದವರು ಕಲ್ಲಿಗೆ ಔಷಧಿ ತಗೊಂಡು ರಾತ್ರಿ ಬಸ್ಸಿಗೇ ಊರಿಗೆ ಹೋಗಿರುತ್ತಾರೆ. ಚೀಟಿಯಲ್ಲಿರುವ ನಂಬರು ಕರೆದುಕೊಂಡು ಬಂದ ಆಟೋದವರದ್ದು, ಇಲ್ಲವೇ ಪಕ್ಕದ ಮನೆ ಹುಡುಗನದ್ದು. ರಿಪೋರ್ಟು ಕಳುಹಿಸಿದ ವೈದ್ಯರ ಮೇಜಿಗೆ ಹೋಗುತ್ತದೆ, ಅವರು ಕಲ್ಲಿನ ಸಾಲು ಓದಿ ಮಡಚಿಡುತ್ತಾರೆ. ನೀನು ಎರಡನೇ ಪುಟದಲ್ಲಿ "ನಾಳ ಹಿಗ್ಗಿದೆ, ಡೈ ಕೊಟ್ಟ ಸಿ.ಟಿ. ಅಗತ್ಯ" ಎಂದು ಬರೆದಿದ್ದರೂ ಅದು ಆ ಮನೆಗೆ ತಲುಪುವುದಿಲ್ಲ. ಸ್ಟೀವ್ ಜಾಬ್ಸ್ ಅವರಿಗೂ 2003ರ ಅಕ್ಟೋಬರಿನಲ್ಲಿ ಕಿಡ್ನಿ ನೋಡಲೆಂದು ಮಾಡಿದ ಸಿ.ಟಿ.ಯಲ್ಲೇ ಗ್ರಂಥಿಯ ಮೇಲೆ ನೆರಳು ಕಂಡಿತ್ತು. ಅವರದ್ದು ನಿಧಾನವಾಗಿ ಬೆಳೆಯುವ ಬೇರೆ ಬಗೆಯ ಗಡ್ಡೆ. ಅಷ್ಟು ತಿಳಿದವರೂ, ಅಷ್ಟು ಉಳ್ಳವರೂ ಪಥ್ಯ ಗಿಥ್ಯ ಅಂತ ಒಂಬತ್ತು ತಿಂಗಳು ಕಳೆದು 2004ರ ಜುಲೈಯಲ್ಲಿ ಆಪರೇಷನ್ನಿಗೆ ಒಪ್ಪಿದರು. ಅವರಿಗೇ ಅಷ್ಟು ಹೆದರಿಕೆಯಾದರೆ ಹಾವೇರಿಯಿಂದಲೋ ಪಾವಗಡದಿಂದಲೋ ಬಂದವರಿಗೆ ಹೇಗಾಗಬೇಡ. ಫೋನ್ ಮಾಡಿ "ಕ್ಯಾನ್ಸರ್ ಅನುಮಾನ, ಬನ್ನಿ" ಎಂದರೆ ಅರ್ಧ ಜನ ಬರುವುದೇ ಇಲ್ಲ. "ಆವತ್ತಿನ ಸ್ಕ್ಯಾನಿನಲ್ಲಿ ಒಂದು ಜಾಗ ಸರಿಯಾಗಿ ಕಂಡಿಲ್ಲ, ಇನ್ನೊಂದು ಸಲ ನೋಡಬೇಕು, ನಾನೇ ಇರ್ತೀನಿ, ಮನೆಯವರನ್ನೂ ಕರ್ಕೊಂಡು ಬನ್ನಿ" ಎಂದು ಹೇಳುವುದನ್ನು ಕಲಿ. ಅದು ಸುಳ್ಳಲ್ಲ, ಪೂರ್ತಿ ಸತ್ಯ ಹೇಳಲು ಎದುರುಬದುರು ಕೂರಬೇಕು. ಬಂದ ಮೇಲೆ ಕೂರಿಸಿಕೊಂಡು ಪೂರ್ತಿಯಾಗಿ ಹೇಳು. ಹಳೆಯ ಚಿತ್ರದಲ್ಲಿ ನೀನೋ ಇನ್ನೊಬ್ಬರೋ ಕಾಣದೆ ಬಿಟ್ಟಿದ್ದರೆ ಅದನ್ನೂ ಹೇಳು. ನನ್ನಿಂದ ಆಗದೇ ಹೋದದ್ದು ಅದು.

ನಿಮ್ಮ ವಿಭಾಗಕ್ಕೆ ಯಂತ್ರ ಬರುವ ಮೊದಲು ಈ ವ್ಯವಸ್ಥೆ ಬರಲಿ. ಸ್ಕ್ಯಾನಿಗೆ ಬಂದ ಪ್ರತಿಯೊಬ್ಬರಿಂದ ಎರಡು ಫೋನ್ ನಂಬರು, ಒಂದು ಅವರದ್ದು, ಇನ್ನೊಂದು ಮನೆಯಲ್ಲಿ ಓದುಬರಹ ಬಲ್ಲವರದ್ದು. ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರು: ಯಾರಿಗೆ ಕರೆ ಮಾಡಬೇಕು, ಯಾರು ಮಾಡಿದರು, ಯಾವತ್ತು, ಅವರು ಏನೆಂದರು, ಬಂದರೇ. ಫೋನಿಗೆ ಸಿಗದವರಿಗೆ ಅವರ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಹೇಳಿಕಳಿಸುವ ದಾರಿ. ಕೊನೆಯ ಕಾಲಂ ಖಾಲಿ ಇರುವ ಹೆಸರುಗಳನ್ನು ವಾರಕ್ಕೊಮ್ಮೆ ಯಾರಾದರೂ ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಇದಕ್ಕೆ ಕೃತಕ ಬುದ್ಧಿಮತ್ತೆ ಬೇಕಿಲ್ಲ, ದುಡ್ಡೂ ಬೇಕಿಲ್ಲ.

ನಾಳೆ ಡ್ಯೂಟಿಗೆ ಹೋದಾಗ ಅಂಥ ರಿಜಿಸ್ಟರು ನಿಮ್ಮಲ್ಲಿ ಇದೆಯೇ ನೋಡು. ಇಲ್ಲದಿದ್ದರೆ ಯಾರ ಅಪ್ಪಣೆಗೂ ಕಾಯಬೇಡ, ದಾರಿಯಲ್ಲಿ ಸ್ಟೇಷನರಿ ಅಂಗಡಿಯಿಂದ ನೀನೇ ಒಂದು ತಗೊಂಡು ಹೋಗಿ ಮೊದಲ ಪುಟಕ್ಕೆ ಗೆರೆ ಎಳೆ. ಸಂಜೆ ನನಗೆ ಫೋನ್ ಮಾಡು.